ಉಪವಾಸದ ಗುಳಿಗೆ

ನನ್ನ ಹೆಂಡತಿ ನಮ್ಮ ಹಟ್ಟಿಯ ಆಶಾ ಕಾರ್ಯಕರ್ತೆ. ಕೇಳಿದವರಿಗೂ ಇದನ್ನು ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದೆವೆಂದರೆ, ಮಾತು ಎಲ್ಲಿಂದ ಶುರುವಾದರೂ ನಾನು ಅದನ್ನು ಎಳೆದು ತಂದು ಅಲ್ಲಿಗೇ ನಿಲ್ಲಿಸುತ್ತೇನೆ. "ಶುರು ಆತಪಾ ಇವನ ಹೆಂಡತಿ ಪುರಾಣ" ಎಂದು ಗೆಳೆಯರು ಡಬ್ಬಿ ಮುಚ್ಚಿಕೊಂಡು ಏಳುತ್ತಾರೆ. ಏಳಲಿ. ಲೇಥ್ ಮಷಿನ್ನಿನ ಮುಂದೆ ಅರ್ಧ ಆಯುಷ್ಯ ನಿಂತವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸು ಬರುವ ಕೆಲಸ ಅದು. ಯಾವುದು ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆ, ಯಾವುದು ಕೂತಿಲ್ಲ ಎಂಬುದು ನನಗೆ ನೋಡಿದ ಕೂಡಲೇ ತಿಳಿಯುತ್ತದೆ. ನನ್ನ ಹೆಂಡತಿ ತನ್ನ ಕೆಲಸದಲ್ಲಿ ಸರಿಯಾಗಿ ಕೂತವಳು.

ಹೆಮ್ಮೆಪಡಲು ನನಗೆ ಇನ್ನೊಬ್ಬಳೂ ಇದ್ದಾಳೆ, ನನ್ನ ಅವ್ವ. ಕಷ್ಟವೇನೆಂದರೆ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ.

ಖಾನಾಪುರದ ಪೇಟೆ ಬಿಟ್ಟು, ಮಲಪ್ರಭೆಯ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಹಟ್ಟಿ. ಕುರಿ ಕಾಯುವವರು ನೆಲೆನಿಂತ ಜಾಗ. ಈಗ ಅರ್ಧ ಮನೆಗಳಲ್ಲಿ ಕುರಿಗಳಿವೆ, ಇನ್ನರ್ಧ ಮನೆಗಳಲ್ಲಿ ನನ್ನಂಥ ಸಂಬಳದವರಿದ್ದಾರೆ. ಕೆಲವರು ಕನ್ನಡ ಮಾತಾಡುತ್ತಾರೆ, ಕೆಲವರು ಮರಾಠಿ ಮಾತಾಡುತ್ತಾರೆ, ಜಗಳವನ್ನು ಎರಡರಲ್ಲೂ ಆಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಹಿಂಡು ಅಣ್ಣನ ಪಾಲಿಗೆ ಬಂತು, ನನಗೆ ಕಾರ್ಖಾನೆ ಬಂತು. ಹಿಂಡಿನ ಯಜಮಾನಿಕೆ ಮಾತ್ರ ಅವ್ವನ ಕೈಯಲ್ಲೇ ಉಳಿಯಿತು. ಕುರಿ ಕೆಮ್ಮಿದ ಸದ್ದು ಕೇಳಿಯೇ ಅದಕ್ಕೇನಾಗಿದೆ ಎನ್ನುವವಳು ಅವಳು. ಹಟ್ಟಿಯವರೆಲ್ಲ ಅವಳನ್ನು ಆಯಿ ಎಂದು ಕರೆಯುತ್ತಾರೆ. ಕುರಿಯ ಹೊಟ್ಟೆ ಉಬ್ಬಿದರೂ ಕೂಸಿನ ಹೊಟ್ಟೆ ಉಬ್ಬಿದರೂ ಮೊದಲು ನಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರು.

ಕುರಿಯವರಿಗೆ ಜಂತುಹುಳ ಹೊಸದಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಹಿಂಡಿಗೆಲ್ಲ ಔಷಧ ಹಾಕುವ ಪದ್ಧತಿ ಅಜ್ಜನ ಕಾಲದಿಂದಲೂ ಇದೆ. ಆಗ ಬೇರು, ತೊಗಟೆ ಕುದಿಸಿದ ಕಷಾಯವನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಾಯಿಗೆ ಹೊಯ್ಯುತ್ತಿದ್ದರು. ಈಗ ಪಶು ಆಸ್ಪತ್ರೆಯ ಬಾಟಲಿ ಬಂದಿದೆ. ಔಷಧ ಬದಲಾಯಿತು, ಕಟ್ಟಳೆ ಬದಲಾಗಲಿಲ್ಲ. ಒಂದೇ ದಿನ ಎಲ್ಲ ಕುರಿಗಳಿಗೂ ಹಾಕಬೇಕು. ಬಿಟ್ಟ ಒಂದು ಕುರಿ ಮೇಯುವ ನೆಲವನ್ನೆಲ್ಲ ಮತ್ತೆ ಕೆಡಿಸುತ್ತದೆ. ಇನ್ನೊಂದು ಕಟ್ಟಳೆ, ಹಿಂದಿನ ಸಂಜೆಯೇ ದೊಡ್ಡಿಗೆ ತುಂಬಿ ಮೇವು ಬಂದ್ ಮಾಡುವುದು. ಖಾಲಿ ಹೊಟ್ಟೆಗೆ ಬಿದ್ದರೇ ಔಷಧ ಹುಳಕ್ಕೆ ತಾಗುತ್ತದೆ ಎಂಬುದು ಅವ್ವನ ಮಾತು. ಹಸಿದ ಕುರಿಗಳು ಅರಚತೊಡಗಿದರೆ ಅವಳು ಕಿವಿಗೆ ಸೆರಗು ಸುತ್ತಿಕೊಂಡು ಮಲಗಿಬಿಡುತ್ತಿದ್ದಳು.

ನನ್ನ ಹೆಂಡತಿ ಬೆಳಗಾವಿ ಪೇಟೆಯಲ್ಲಿ ಬೆಳೆದವಳು. ನಮ್ಮದೇ ಬಳಗ, ಆದರೆ ಕುರಿಯ ಹಾಲು ಕರೆಯಲು ಬರುತ್ತಿರಲಿಲ್ಲ. ಆಶಾ ಕೆಲಸಕ್ಕೆ ಸೇರಿ ಗುಲಾಬಿ ಸೀರೆ ಉಟ್ಟು ಮನೆಯಿಂದ ಹೊರಟ ದಿನ ಅವ್ವ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, "ಹೋಗಿ ಬಾರವಾ, ಗುಳಿಗಿ ಹಂಚಿ ಬಾ. ಭಾಂಡಿ ನಾ ತಿಕ್ಕತೀನಿ" ಎಂದಿದ್ದಳು. ಅದು ಆಶೀರ್ವಾದವಲ್ಲ ಎಂದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲಗಳು ಒಟ್ಟಿಗೇ ನಡೆಯುತ್ತಿದ್ದವು, ನಡುವೆ ನಾನಿದ್ದೆ.

ಇದು ಕೊರೊನಾ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಮೇಲಿನ ಮಾತು. ಮಕ್ಕಳಿಗೆಲ್ಲ ಜಂತುಹುಳದ ಗುಳಿಗೆ ಕೊಡುವ ದಿನವೊಂದು ಆಗಾಗ ಬರುತ್ತದೆ. ಯಾರಿಗೆ ಹುಳ ಇದೆ, ಯಾರಿಗೆ ಇಲ್ಲ ಎಂದು ಹುಡುಕುತ್ತ ಕೂರುವುದಿಲ್ಲ. ಸಣ್ಣ ಕೂಸಿನಿಂದ ಹಿಡಿದು ಮೀಸೆ ಚಿಗುರಿದ ಹುಡುಗರವರೆಗೆ ಎಲ್ಲರಿಗೂ ಒಂದೇ ದಿನ ಕೊಡುತ್ತಾರೆ. ತಪ್ಪಿಸಿಕೊಂಡವರಿಗೆ ಒಂದು ವಾರದ ಮೇಲೆ ಮತ್ತೊಂದು ದಿನ ಇರುತ್ತದೆ. ನಮ್ಮ ಹಟ್ಟಿಯಲ್ಲಿ ಮಾತ್ರ ಅರ್ಧ ಮಕ್ಕಳೂ ಬರುತ್ತಿರಲಿಲ್ಲ. ಕೆಲವರು ಹಿಂಡಿನ ಹಿಂದೆ ಹೋಗಿರುತ್ತಿದ್ದರು, ಕೆಲವರು ಗುಳಿಗೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಗೋಡೆಯಾಚೆ ಉಗುಳುತ್ತಿದ್ದರು.

ಆ ಸಲ ಒಂದು ಕೂಸನ್ನೂ ಬಿಡುವುದಿಲ್ಲ ಎಂದು ಹೆಂಡತಿ ಹಟ ಹಿಡಿದಿದ್ದಳು. ಕಾರಣ ನಮ್ಮ ಮನೆಯಲ್ಲೇ ಇತ್ತು. ಅಣ್ಣನ ಸಣ್ಣ ಮಗಳು, ಆಗಷ್ಟೇ ಶಾಲೆಗೆ ಸೇರಿದ್ದವಳು, ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಿದ್ದಳು. ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು. ಯಾರೂ ಇಲ್ಲದಾಗ ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ನನ್ನ ಹೆಂಡತಿ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಈ ಕೂಸಿನ ಮೈಯಾಗ ರಕ್ತ ಇಲ್ರೀ, ದವಾಖಾನಿಗೆ ತೋರ್ಸೂಣು" ಎಂದು ನನಗೂ ಹೇಳಿದ್ದಳು, ಕೂಸಿನ ತಾಯಿಯಾದ ನಮ್ಮ ವೈನಿಗೂ ಹೇಳಿದ್ದಳು. ಅಣ್ಣ ಹಿಂಡಿನೊಂದಿಗೆ ದೂರ ಹೋಗಿದ್ದ. ಗುಳಿಗೆ ತಿನ್ನಿಸಿ ನೋಡೋಣ, ಆಮೇಲೆ ದವಾಖಾನೆ ಎಂದು ವೈನಿ ತಡೆದಿದ್ದಳು.

ಗುಳಿಗೆಯ ಹಿಂದಿನ ದಿನ ಹೆಂಡತಿ ಮನೆ ಮನೆಗೆ ಹೋದಳು. "ನಾಳೆ ಹುಡುಗೂರನ್ನ ಉಣಿಸಿ ಕರಕೊಂಡ ಬರ್ರಿ" ಎಂದು ಕನ್ನಡದಲ್ಲಿ ಹೇಳಿದಳು. ಮರಾಠಿ ಮನೆಗಳ ಮುಂದೆ ನಿಂತು "ಜೇವೂ ಘಾಲೂನ್ ಆಣಾ" ಎಂದು ಅದನ್ನೇ ಮರಾಠಿಯಲ್ಲಿ ಹೇಳಿದಳು. ಒಂದು ಮಗು ತಪ್ಪಿದರೂ ಅದರಿಂದ ನೆಲಕ್ಕೆ, ನೆಲದಿಂದ ಉಳಿದವರಿಗೆ ಹುಳ ಮತ್ತೆ ಹತ್ತುತ್ತದೆ, ಹಾಗಾಗಿ ಎಲ್ಲರೂ ಬರಬೇಕು ಎಂದು ಬಿಡಿಸಿ ಹೇಳಿದಳು. ಮನೆಗೆ ಬಂದು ನನಗೆ ಇದನ್ನೆಲ್ಲ ಒಪ್ಪಿಸುತ್ತಿದ್ದಾಗ ಅವ್ವ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಳು.

"ಒಂದ ದಿನಾನ ಎಲ್ಲಾರಿಗೂ ಕೊಡ್ತೀರೇನ?" ಎಂದಳು.

"ಹೌದ್ರಿ ಅತ್ತಿ. ಒಬ್ಬರನ್ನೂ ಬಿಡೂದಿಲ್ಲ."

"ಹಂಗಾದ್ರ ಇದು ಖರೇ ಔಷಧ" ಎಂದಳು ಅವ್ವ. ಅವಳ ದನಿಯಲ್ಲಿ ಮೊದಲ ಸಲ ಕೊಂಕಿರಲಿಲ್ಲ. ಸೊಸೆಯ ಕೆಲಸ ಅಂದು ಅವಳಿಗೆ ಕೆಲಸವಾಗಿ ಕಂಡಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಊಟಕ್ಕೆ ಕೂತಾಗ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಎಡವಟ್ಟಾದದ್ದು ಆ ಗೌರವದಿಂದಲೇ.

ಖರೇ ಔಷಧ ಎಂದಮೇಲೆ ಖರೇ ಕಟ್ಟಳೆಯೂ ಬೇಕಲ್ಲ. ಸೊಸೆ ಒಂದು ಸುತ್ತು ಹೋಗಿಬಂದ ದಾರಿಯಲ್ಲೇ ಅತ್ತೆ ಇನ್ನೊಂದು ಸುತ್ತು ಹೊರಟಳು. ನಾನು ಅವಳು ಯಾರದೋ ಕುರಿ ನೋಡಲು ಹೋಗಿದ್ದಾಳೆ ಎಂದುಕೊಂಡಿದ್ದೆ. ಅವಳು ಏನು ಹೇಳಿದಳೆಂದು ಆಮೇಲೆ ಹಟ್ಟಿಯ ಹೆಂಗಸರ ಬಾಯಿಂದಲೇ ಕೇಳಿದೆ. "ಹುಡುಗೂರಿಗೆ ಇವತ್ತ ಸಂಜಿಗೆ ಏನೂ ಕೊಡಬ್ಯಾಡ್ರಿ. ಮುಂಜಾನೆ ಚಾನೂ ಬ್ಯಾಡ. ಹೊಟ್ಟಿ ತುಂಬಿದ್ರ ಔಷಧ ಕೂಳಿನಾಗ ಕೂಡತೈತಿ, ಹುಳಕ್ಕ ಹತ್ತೂದಿಲ್ಲ. ನನ್ನ ಸೊಸಿ ಪ್ಯಾಟಿ ಹುಡುಗಿ, ಆಕಿಗೆ ಇದು ತಿಳಿಯೂದಿಲ್ಲ. ಕೇಳಿದ್ರ ಉಂಡ ಬಂದೇವಿ ಅನ್ನಾಕ ಹೇಳ್ರಿ, ಆಕಿ ಮನಸಿಗೂ ಸಮಾಧಾನ ಆಗ್ಲಿ." ಆಯಿ ಹೇಳಿದ ಮೇಲೆ ಮುಗಿಯಿತು. ಹಟ್ಟಿಯ ಮಕ್ಕಳೆಲ್ಲ ದೊಡ್ಡಿಯ ಕುರಿಗಳ ಹಾಗೆ ಖಾಲಿ ಹೊಟ್ಟೆಯಲ್ಲಿ ಮಲಗಿದರು. ನಮ್ಮ ಮನೆಯ ಕೂಸು ವೈನಿಯ ಕೈಯಲ್ಲಿ ಉಂಡಿರಬೇಕೆಂದು ನಾನೂ ಹೆಂಡತಿಯೂ ತಿಳಿದೆವು.

ಮರುದಿನ ನಾನು ಕಾರ್ಖಾನೆಯಲ್ಲಿದ್ದೆ. ನಡೆದದ್ದನ್ನು ಹೆಂಡತಿ ಹೇಳಿದ ಹಾಗೆಯೇ ಬರೆಯುತ್ತೇನೆ. ಅಂಗನವಾಡಿಯ ಮುಂದೆ ಮಕ್ಕಳು ಸಾಲು ನಿಂತಿದ್ದರು. ಅಷ್ಟು ಮಕ್ಕಳು ಎಂದೂ ಬಂದಿರಲಿಲ್ಲ. ಅವಳಿಗೆ ಹಿಗ್ಗೋ ಹಿಗ್ಗು. ಪ್ರತಿ ಮಗುವನ್ನೂ "ಉಂಡ ಬಂದಿಯೇನ?" ಎಂದು ಕೇಳಿದಳು, ಪ್ರತಿ ಮಗುವೂ ತಲೆಯಾಡಿಸಿತು. ಗುಳಿಗೆಯನ್ನು ಅಗಿಸಿ ನುಂಗಿಸಿ, ಬಾಯಿ ತೆರೆಸಿ ನೋಡಿ, ನೀರು ಕುಡಿಸಿ ಕಳಿಸಿದಳು. ಕೆಲವು ಮಕ್ಕಳದು ಮುಗಿದಿತ್ತು. ಬಿಸಿಲು ಏರಿತ್ತು. ಗುಳಿಗೆ ತಿಂದ ಒಬ್ಬ ಹುಡುಗ ಮೂಲೆಯಲ್ಲಿ ವಾಂತಿ ಮಾಡಿಕೊಂಡ. ಅವನನ್ನು ನೋಡಿ ಇನ್ನೊಬ್ಬಳು ಮಾಡಿಕೊಂಡಳು. ಅಷ್ಟರಲ್ಲಿ ಸಾಲಿನ ಹಿಂದೆ, ಅವ್ವನ ಕೈ ಹಿಡಿದು ನಿಂತಿದ್ದ ಅಣ್ಣನ ಮಗಳು ಕಣ್ಣು ಮೇಲೆ ಮಾಡಿ ಕುಸಿದು ಬಿದ್ದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ. ಗುಳಿಗೆ ಅವಳ ಬಾಯಿಗೆ ಬಿದ್ದೇ ಇರಲಿಲ್ಲ. ಆದರೆ ಆ ಗದ್ದಲದಲ್ಲಿ ಅದನ್ನು ನೋಡಿದವರು ಯಾರು? ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡು ಓಡಿದರು.

ನನಗೆ ಫೋನ್ ಮಾಡಿದವನು ಹಟ್ಟಿಯ ಒಬ್ಬ. "ನಿಮ್ಮ ಮನ್ಯಾಕಿ ಗುಳಿಗಿ ಕೊಟ್ಟು ನಿಮ್ಮಣ್ಣನ ಕೂಸಿಗೆ ಏನೋ ಮಾಡ್ಯಾಳ ನೋಡ" ಎಂದ. ಖಾನಾಪುರದ ಸರಕಾರಿ ದವಾಖಾನೆಯಲ್ಲಿ ಕೂಸಿಗೆ ಸಲಾಯಿನ್ ಹಚ್ಚಿ, ರಕ್ತ ತೀರಾ ಕಡಿಮೆ ಇದೆ, ಬೆಳಗಾವಿಗೆ ಒಯ್ಯಿರಿ ಎಂದರಂತೆ. ಬೆಳಗಾವಿಯ ರಸ್ತೆ ಮಚ್ಛೆಯ ಮೇಲೆಯೇ ಹೋಗುತ್ತದೆ. ನಾನು ಮಷಿನ್ ಬಂದ್ ಮಾಡಿ ಗಾಡಿ ಹಿಡಿದು ರಸ್ತೆಗೆ ಬಂದು ನಿಂತೆ. ಆಂಬುಲೆನ್ಸ್ ಹಾದುಹೋದ ಕೂಡಲೇ ಅದರ ಬೆನ್ನು ಹತ್ತಿದೆ. ನೆಹರು ನಗರದ ದೊಡ್ಡ ದವಾಖಾನೆಯ ಮುಂದೆ ಅದು ನಿಂತಾಗ ಒಳಗಿಂದ ಇಳಿದವರು ಅವ್ವ ಮತ್ತು ವೈನಿ. ನನ್ನ ಹೆಂಡತಿ ಇರಲಿಲ್ಲ.

ಆ ಕ್ಷಣ ನನಗೆ ಸಿಟ್ಟೇ ಬಂತು, ಕೂಸಿನ ಜೊತೆ ಬರಲಿಲ್ಲವಲ್ಲ ಎಂದು. ಆಮೇಲೆ ತಿಳಿಯಿತು. ಅವಳು ಕೂಸನ್ನು ಖಾನಾಪುರಕ್ಕೆ ಮುಟ್ಟಿಸಿ, ನರ್ಸ್‌ಗಳ ಕೈಗೊಪ್ಪಿಸಿ, ಹಟ್ಟಿಗೆ ವಾಪಸಾಗಿ ಗುಳಿಗೆ ತಿಂದ ಪ್ರತಿ ಮಗುವಿನ ಮನೆಗೂ ಹೋಗಿದ್ದಳು. ಒಳಗೆ ಕರೆಯದ ಮನೆಗಳಲ್ಲಿ ಹೊಸ್ತಿಲಿನ ಹೊರಗೇ ನಿಂತು ಮಗುವಿನ ಮುಖ ನೋಡಿ, ಸಕ್ಕರೆ ನೀರು ಕುಡಿಸಿರೆಂದು ಹೇಳಿ, ಬೈದವರ ಬೈಗಳನ್ನೆಲ್ಲ ಕೇಳಿಸಿಕೊಂಡು ಬಂದಿದ್ದಳು. ಮನೆಯ ಕೂಸನ್ನು ಬಿಟ್ಟು ಊರ ಮಕ್ಕಳನ್ನು ನೋಡಲು ಹೋಗುವುದಕ್ಕೆ ಎಂಥ ಗಟ್ಟಿತನ ಬೇಕೆಂದು ಈಗಲೂ ಯೋಚಿಸುತ್ತೇನೆ. ನನಗಂತೂ ಅದು ಇಲ್ಲ.

ದವಾಖಾನೆಯಲ್ಲಿ ಕೂಸನ್ನು ನೋಡಿದ ಡಾಕ್ಟರ್ ವಯಸ್ಸಿನಲ್ಲಿ ಸಣ್ಣವರು, ಹುಬ್ಬಳ್ಳಿ ಕಡೆಯ ಮಾತು. "ಗುಳಿಗಿ ಯಾವಾಗ ತಿಂದಾಳ?" ಎಂದು ಅವ್ವನನ್ನು ಕೇಳಿದರು.

"ತಿಂದಿಲ್ರಿ. ಆಕಿ ಪಾಳಿನ ಬಂದಿರಲಿಲ್ಲ" ಎಂದಳು ಅವ್ವ.

"ಮುಂಜಾನಿ ಏನ್ ತಿಂದಿದ್ಲು?"

"ಏನೂ ಇಲ್ರಿ. ನಿನ್ನಿ ಮಧ್ಯಾಹ್ನದಿಂದ ಏನೂ ಕೊಟ್ಟಿಲ್ಲ." ಅವ್ವ ಇದನ್ನು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಕೆಲಸ ಬಲ್ಲವಳು ಇನ್ನೊಬ್ಬ ಕೆಲಸ ಬಲ್ಲವರಿಗೆ ಹೇಳುವಂತೆ, ತಲೆಯೆತ್ತಿ ಹೇಳಿದಳು. "ಔಷಧ ಹಾಕೂ ಮುಂದ ಹೊಟ್ಟಿ ಖಾಲಿ ಇರಬೇಕಲ್ರಿ. ಇಡೀ ಹಟ್ಟಿ ಹುಡುಗೂರಿಗೆ ನಾನ ಬಂದ್ ಮಾಡ್ಸೇನಿ."

ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಎಳೆದುಕೊಟ್ಟು, "ಕುಂದರ್ರಿ ಅಜ್ಜಿ" ಎಂದು ಕೂರಿಸಿ ನಿಧಾನವಾಗಿ ಹೇಳಿದರು. ಕೂಸಿನ ಹೊಟ್ಟೆಯಲ್ಲಿರುವ ಹುಳ ಎಷ್ಟೋ ದಿನಗಳಿಂದ ರಕ್ತ ಕುಡಿಯುತ್ತಿದೆ, ಮೊದಲೇ ನಿತ್ರಾಣವಾದ ಮೈ, ಅದರ ಮೇಲೆ ಉಪವಾಸ, ಅದರ ಮೇಲೆ ಬಿಸಿಲು. ಉಳಿದ ಮಕ್ಕಳ ವಾಂತಿಗೂ ಖಾಲಿ ಹೊಟ್ಟೆಯೇ ಕಾರಣವಿರಬೇಕು, ಭಯಪಡುವಂಥದ್ದೇನಿಲ್ಲ. ಗುಳಿಗೆಯದು ತಪ್ಪಿಲ್ಲ. ಅವ್ವ ಎಲ್ಲವನ್ನೂ ಕೇಳಿದಳು. ಎದ್ದು ಕೂಸಿನ ಕಾಲ ಹತ್ತಿರ ಹೋಗಿ ನಿಂತಳು.

ಸಂಜೆ ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಒಲೆಯ ಉರಿ ಹಿಂದಕ್ಕೆಳೆದು ನನ್ನ ಕಡೆ ತಿರುಗಿದಳು. "ಅದಕ್ಕ ಎಲ್ಲಾ ಹುಡುಗೂರೂ ಒಂದ ನಮೂನಿ ತಲಿ ಅಲ್ಲಾಡಿಸಿದ್ವು" ಎಂದಳು.

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಈಗಲೇ ಹೋಗಿ ಪ್ರತಿ ಬಾಗಿಲಲ್ಲೂ ಹೇಳುತ್ತೇನೆ ಎಂದೆ. ಅವಳು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಯಾರ ಮುಂದೂ ಹೇಳಬ್ಯಾಡ್ರಿ."

"ಹಂಗಾದ್ರ ನಿನ್ನ ಮರ್ಯಾದಿ?"

"ಅತ್ತಿ ಮ್ಯಾಲ ಹಾಕಿ ಸೊಸಿ ಪಾರಾದ್ಲು ಅಂತಾರ, ನಂಬೂದಿಲ್ಲ. ನಂಬಿದ್ರಂತೂ ಇನ್ನೂ ಕೆಟ್ಟ. ಈ ಹಟ್ಟ್ಯಾಗ ಮಂದಿ ಕೇಳೂದು ಅತ್ತಿಯವರ ಮಾತು ಒಂದ. ಅದೂ ಹೋದ್ರ ಇನ್ನ ಯಾರ ಮಾತ ಕೇಳ್ತಾರ? ಇನ್ನೊಂದ ದಿನ ಐತ್ರಿ. ಅವತ್ತ ಹುಡುಗೂರು ಬರಬೇಕು. ನನಗ ಅಷ್ಟ ಸಾಕು."

ನಾನು ಸಿಟ್ಟಿನ ಮನುಷ್ಯ. ಆದರೆ ಅವಳ ಲೆಕ್ಕದಲ್ಲಿ ಎಲ್ಲೂ ಸಂದು ಕಾಣಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದೆ.

ಆ ವಾರ ಅವಳು ಪಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ನಳದ ಹತ್ತಿರ ಅವಳು ಕೊಡ ಇಟ್ಟರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಬಾಜು ಮನೆಯವಳ ಮಗ ಮೊದಲು ವಾಂತಿ ಮಾಡಿದವನು. ಅವಳಂತೂ ಎದುರಿಗೇ, "ನಿಮ್ಮ ಮನಿ ಕೂಸಿಗೇ ಹಿಂಗಾತಲ್ಲ. ನಮ್ಮ ಹುಡುಗೂರ ತಂಟೇಕ ಬರಬ್ಯಾಡ" ಎಂದಳು. ನನ್ನ ಹೆಂಡತಿ, "ಆತವಾ. ಹುಡುಗ ಈಗ ಊಟಾ ಸರಿ ಮಾಡ್ತಾನಿಲ್ಲ?" ಎಂದು ಕೇಳಿ ಮುಂದಿನ ಮನೆಗೆ ಹೋದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಖಾನಾಪುರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ಮಹಾಶಯ, ಆ ಹಟ್ಟಿಯಲ್ಲಿ ಗುಳಿಗೆ ತಿಂದು ಕೂಸು ಸತ್ತಿತಂತೆ ಎಂದು ಕಥೆ ಬಿಡುತ್ತಿದ್ದ. "ಆ ಸತ್ತ ಕೂಸು ನಿನ್ನಿ ನನ್ನ ಕೈಯಾಗಿನ ಬಾಳಿಹಣ್ಣ ಕಸ್ಕೊಂಡ ತಿಂದೈತಿ. ಬಾ, ತೋರಿಸ್ತೀನಿ" ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಬಸ್ ಹತ್ತಿದ.

ಬಾಳೆಹಣ್ಣಿನ ಮಾತು ಸುಳ್ಳಲ್ಲ. ಪಾಳಿ ಮುಗಿದ ಮೇಲೆ ನಾನು ದಿನಾಲೂ ನೆಹರು ನಗರಕ್ಕೆ ಹೋಗುತ್ತಿದ್ದೆ. ಕೂಸಿಗೆ ರಕ್ತ ಹಾಕಿದ್ದರು. ಅದರ ತುಟಿಗೆ ಬಣ್ಣ ಬರುವುದನ್ನು ಅವ್ವ ಮಂಚದ ಬದಿಗೆ ಕೂತು ನೋಡುತ್ತಿದ್ದಳು. ವೈನಿ ಮನೆಗೆ ಹೋಗಿ ಬಂದು ಮಾಡಿದರೂ ಅವ್ವ ಆ ವಾರ್ಡ್ ಬಿಟ್ಟು ಕದಲಲಿಲ್ಲ. ಡಾಕ್ಟರ್ ಬಂದಾಗಲೆಲ್ಲ ಅವಳದು ಒಂದು ಪ್ರಶ್ನೆ ಇರುತ್ತಿತ್ತು. ಹುಳ ಒಳಗೆ ಹೋಗುವುದು ಹೇಗೆ ಎಂದು ಒಂದು ದಿನ ಕೇಳಿದಳು. ಬಯಲಿಗೆ ಹೋದ ಜಾಗದ ಮಣ್ಣಿನಿಂದ, ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ ಎಂದರು ಡಾಕ್ಟರ್. ಅವ್ವ ಕೂಸಿನ ಅಂಗಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು.

"ಹಂಗಾದ್ರ ಈಕಿಗಿ ಒಬ್ಬಾಕಿಗೇ ಔಷಧ ಕೊಟ್ರ ಏನೂ ಉಪಯೋಗಿಲ್ಲ. ಹಟ್ಟಿಗೆ ಹೋದ ಕೂಡಲೇ ಮತ್ತ ಹತ್ತತೈತಿ."

"ಹೌದಜ್ಜಿ. ಎಲ್ಲಾರೂ ತಿಂದ್ರ ಈಕಿನೂ ಉಳೀತಾಳ" ಎಂದರು ಡಾಕ್ಟರ್.

ಆ ಸಂಜೆ ಅವ್ವ ನನ್ನ ಜೊತೆ ವರಾಂಡದವರೆಗೆ ಬಂದಳು. "ಹಟ್ಟ್ಯಾಗ ಮಂದಿ ಏನಂತಾರ?" ಎಂದಳು.

"ನಿನ್ನ ಸೊಸಿ ಕೂಸಿಗೆ ವಿಷಾ ಹಾಕಿದ್ಲು ಅಂತಾರ. ನಾಳಿದ್ದ ಒಬ್ಬರೂ ಹುಡುಗೂರನ್ನ ಕಳ್ಸೂದಿಲ್ಲಂತ" ಎಂದೆ. ಮೆತ್ತಗೆ ಹೇಳಬಹುದಿತ್ತು, ಹೇಳಲಿಲ್ಲ.

"ಆಕಿ ಏನಂತಾಳ?"

"ಏನೂ ಅನ್ನೂದಿಲ್ಲ."

"ನನ್ನ ಹೆಸರ ತಗದಿಲ್ಲ?"

"ನಾ ತಗೀತೀನಿ ಅಂದ್ರ ಬಾಗಲಾ ಅಡ್ಡಗಟ್ಟಿ ನಿಂತ್ಲು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಂತರ, ನೀನು ಹೊರಡು, ಹೊತ್ತಾಯಿತು ಎಂದು ಒಳಗೆ ಹೋದಳು. ಇಡೀ ಹಟ್ಟಿ ಅವಳ ಮಾತಿನ ಮೇಲೆ ನಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆ ಮಾತನ್ನೇ ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಅವಳಿಗೆ ಏನೆಂದು ನನಗೆ ಗೊತ್ತಿತ್ತು. ಅವಳು ಅದನ್ನು ಮಾಡುತ್ತಾಳೆಂದು ನಾನು ನಂಬಿರಲಿಲ್ಲ.

ಮರುದಿನ ಕೂಸನ್ನು ಮನೆಗೆ ಕಳಿಸಿದರು. ಬರುವಾಗ ಖಾನಾಪುರದ ಪೇಟೆಯಲ್ಲಿ ಅವ್ವ ಕೂಸಿಗೆ ಒಂದು ಜೊತೆ ಕೆಂಪು ಚಪ್ಪಲಿ ಕೊಡಿಸಿದಳು. ಮನೆಗೆ ಬಂದವಳು ಸೊಸೆಯ ಜೊತೆ ಆಡಿದ್ದು ಉಪ್ಪು ಖಾರದ ಮಾತಷ್ಟೇ.

ಉಳಿದ ಮಕ್ಕಳಿಗೆ ಗುಳಿಗೆ ಕೊಡುವ ದಿನ ಬಂತು. ನಾನು ಕಾರ್ಖಾನೆಗೆ ರಜೆ ಹಾಕಿದ್ದೆ. ಹೆಂಡತಿ ಬೆಳಿಗ್ಗೆಯೇ ಗುಲಾಬಿ ಸೀರೆ ಉಟ್ಟು, ಗುಳಿಗೆಯ ಡಬ್ಬಿ, ನೀರಿನ ಕೊಡ ಹಿಡಿದು ಅಂಗನವಾಡಿಗೆ ಹೋಗಿ ಕೂತಳು. ಯಾರೂ ಬರಲಿಲ್ಲ. ಅಂಗನವಾಡಿ ಟೀಚರ್ ಮತ್ತು ಅವಳು ಎದುರುಬದುರಾಗಿ ಕೂತು ಬಾಗಿಲು ನೋಡುತ್ತಿದ್ದರು. ಬಾಗಿಲಲ್ಲಿ ಯಾರೂ ಕಾಣದಿದ್ದಾಗ ಅವಳು ಕೊಡದ ಮೇಲಿನ ಮುಚ್ಚಳವನ್ನು ತೆಗೆದು ಮತ್ತೆ ಮುಚ್ಚುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಬಂದೆ.

ಹೊರಗೆ ಬಂದರೆ ಅವ್ವ. ಹಿಂಡಿನವರ ಊಟಕ್ಕೆ ಇಡುವ ದೊಡ್ಡ ಪಾತ್ರೆಯ ಒಂದು ಕಡೆ ಅವಳು, ಇನ್ನೊಂದು ಕಡೆ ವೈನಿ ಹಿಡಿದುಕೊಂಡು ಬರುತ್ತಿದ್ದರು. ಒಳಗೆ ಬಿಸಿ ಬಿಸಿ ಜೋಳದ ನುಚ್ಚು. ಹಿಂದೆ ಕೆಂಪು ಚಪ್ಪಲಿ ಮೆಟ್ಟಿದ ಕೂಸು ಮಜ್ಜಿಗೆಯ ತಂಬಿಗೆ ಹಿಡಿದು ಬರುತ್ತಿತ್ತು. ಅವರ ಹಿಂದೆ ಹಟ್ಟಿಗೆ ಹಟ್ಟಿಯೇ ಬರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವ್ವ ಮನೆ ಮನೆಗೆ ಹೋಗಿ, "ಹುಡುಗೂರನ್ನ ಕರಕೊಂಡ ಅಂಗನವಾಡಿ ಮುಂದ ಬರ್ರಿ. ನಂದ ಒಂದ ಮಾತೈತಿ" ಎಂದಿದ್ದಳಂತೆ. ಗುಳಿಗೆಗೆ ಬಾರದವರು ಆಯಿಯ ಮಾತಿಗೆ ಬಂದಿದ್ದರು.

ಪಾತ್ರೆಯನ್ನು ಇಳಿಸಿ ಅವ್ವ ನೆಟ್ಟಗೆ ನಿಂತಳು. ದೊಡ್ಡ ದನಿಯೇನೂ ಮಾಡಲಿಲ್ಲ.

"ನೋಡ್ರಿ. ನನ್ನ ಮೊಮ್ಮಗಳು ಗುಳಿಗಿ ತಿಂದು ಬಿದ್ದಿಲ್ಲ. ಗುಳಿಗಿ ಆಕಿ ಕೈಗೇ ಬಂದಿರಲಿಲ್ಲ. ಆಕಿ ಕೈ ಹಿಡಕೊಂಡ ನಿಂತಾಕಿ ನಾನು, ನನಗ ಗೊತ್ತೈತಿ. ಆಕಿ ಬಿದ್ದದ್ದು ಹಸಿವಿಗೆ. ನಿಮ್ಮ ಹುಡುಗೂರು ಕಾರಿದ್ದೂ ಹಸಿವಿಗೆ. ಸೊಸಿ ಉಣಿಸಿ ತರ್ರಿ ಅಂದಿದ್ಲು. ಬ್ಯಾಡ ಅಂದಾಕಿ ನಾನು. ನೀವು ಒಂದ ವಾರ ಬೈದದ್ದು ಆಕಿನ್ನ, ಬೈಬೇಕಾದದ್ದು ನನ್ನ."

ಅವಳು ಕುಕ್ಕರಗಾಲಲ್ಲಿ ಕೂತು ಪಾತ್ರೆಯ ಮುಚ್ಚಳ ತೆಗೆದಳು. "ಈಗ ಬೈಯಾವರು ಬೈರಿ. ಹುಡುಗೂರನ್ನಷ್ಟ ಇಲ್ಲಿ ಕುಂದರಸ್ರಿ, ನುಚ್ಚ ಆರತೈತಿ."

ಮೊದಲು ಮಗನನ್ನು ತಂದು ಕೂರಿಸಿದವಳು ಅದೇ ಬಾಜು ಮನೆಯವಳು. ಅವನ ಹಿಂದೆ ಮತ್ತೊಂದು ಮಗು, ಅದರ ಹಿಂದೆ ಮತ್ತೊಂದು. ಅವ್ವ ನುಚ್ಚು ಬಡಿಸಿದಳು, ಕೂಸು ತಂಬಿಗೆಯಿಂದ ಚೆಲ್ಲುತ್ತ ಮಜ್ಜಿಗೆ ಹಾಕಿತು. ಉಂಡು ಎದ್ದವರಲ್ಲಿ ಹೋದ ವಾರ ಗುಳಿಗೆ ಹೊಟ್ಟೆಗೆ ಸೇರದವರನ್ನು ಅವ್ವ ಹೊಟ್ಟೆ ಮುಟ್ಟಿ ನೋಡಿ ಒಳಗೆ ಕಳಿಸುತ್ತಿದ್ದಳು. ಒಳಗೆ ನನ್ನ ಹೆಂಡತಿ, "ಅಗದ ತಿನ್ನು, ಬಾಯಿ ತೋರ್ಸು, ನೀರ ಕುಡಿ" ಎನ್ನುತ್ತಿದ್ದಳು. ಅವಳ ಕಣ್ಣುಗಳು ತುಂಬಿದ್ದವು. ಆದರೂ ಒಂದು ಬಾಯಿಯನ್ನೂ ನೋಡದೆ ಬಿಡಲಿಲ್ಲ. ಯಾರೂ ವಾಂತಿ ಮಾಡಲಿಲ್ಲ. ಒಬ್ಬ ಹುಡುಗ ಗುಳಿಗೆ ಸಿಹಿಯಾಗಿದೆ, ಇನ್ನೊಂದು ಕೊಡು ಎಂದು ಜಗಳ ತೆಗೆದ. ಆ ಬಾಗಿಲಿನ ಒಳಗೆ ಒಬ್ಬಳು, ಹೊರಗೆ ಒಬ್ಬಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಹರಿಯದಿದ್ದದ್ದು ನನ್ನ ಪುಣ್ಯ.

ಪಾತ್ರೆ ಬರಿದಾಗುತ್ತ ಬಂದಾಗ ಬಾಜು ಮನೆಯವಳು ಅವ್ವನ ಹತ್ತಿರ ಬಂದಳು. ಬೈಯಲು ಬಂದವಳಲ್ಲ. ಅವಳಿಗೆ ನಿಜವಾಗಿಯೂ ಗೊಂದಲವಾಗಿತ್ತು. "ಆಯಿ, ಹಂಗಾದ್ರ ಇನ್ನ ಮುಂದ ನಾವು ಯಾರನ್ನ ಕೇಳೂಣು?" ಎಂದಳು.

ಅವ್ವ ಸೌಟನ್ನು ಪಾತ್ರೆಯ ಅಂಚಿಗೆ ತಿಕ್ಕಿ ಒರೆಸಿದಳು. "ಕುರಿಗೆ ಏನರ ಆದ್ರ ನನ್ನ ಕೇಳ್ರಿ. ಮಕ್ಕಳಿಗೆ ಆದ್ರ ಈಕಿನ್ನ ಕೇಳ್ರಿ. ನಾನೂ ಈಕಿನ್ನ ಕೇಳತೀನಿ."

ನನ್ನ ಹೆಂಡತಿ ಕೊನೆಯ ಮಗುವಿಗೆ ನೀರು ಕುಡಿಸಿ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅತ್ತೆಯ ಕಾಲು ಮುಟ್ಟುತ್ತಾಳೋ ಅಳುತ್ತಾಳೋ ಎಂದು ಹೆಂಗಸರೆಲ್ಲ ನೋಡುತ್ತಿದ್ದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆಯೊಳಗೆ ಇಣುಕಿದಳು.

"ಅತ್ತಿ, ನೀವು ಮುಂಜಾನಿಂದ ಬಾಯಾಗ ಏನೂ ಹಾಕ್ಕೊಂಡಿಲ್ಲ. ಮೊದಲ ಉಣ್ರಿ" ಎಂದಳು.

ಅಪ್ಪ ಹೇಳಿದರೂ ಕೇಳದವಳು ನನ್ನ ಅವ್ವ. ಹಟ್ಟಿಯವರೆಲ್ಲರ ಮುಂದೆ, ಮರುಮಾತಾಡದೆ ತಾಟು ಎಳೆದುಕೊಂಡು ಉಣ್ಣತೊಡಗಿದಳು.